ಬಸುರಿಯ ಹಲ್ಲು ನೋಯುವಾಗ ಕುರ್ಚಿಯಲ್ಲಿ ನಡೆಯುವುದೇನು

ಬಾಗಲಕೋಟೆಯ ಹಲ್ಲಿನ ದವಾಖಾನೆಗಳಿಗೆ ಗುಳೇದಗುಡ್ಡ, ಇಳಕಲ್, ಬಾದಾಮಿ, ಮುಧೋಳದ ಕಡೆಯಿಂದ ಬಸುರಿ ಹೆಣ್ಣುಮಕ್ಕಳು ಬರುವುದು ಸಾಮಾನ್ಯವಾಗಿ ನೋವು ತಡೆಯಲಾಗದ ಹಂತಕ್ಕೆ ಹೋದ ಮೇಲೆ. ನಿದ್ದೆಗೆಟ್ಟಿರುತ್ತಾರೆ, ಒಂದು ಕೆನ್ನೆ ಬಾತಿರುತ್ತದೆ, ಕೈಚೀಲದಲ್ಲಿ ಔಷಧ ಅಂಗಡಿಯಿಂದ ತಂದ ಗುಳಿಗೆಯ ಪಟ್ಟಿ ಅರ್ಧ ಖಾಲಿಯಾಗಿರುತ್ತದೆ. ಜೊತೆಗೆ ಬಂದ ಅತ್ತೆಯೋ ಅವ್ವನೋ ಮೊದಲು ಹೇಳುವ ಮಾತು ಇದು: “ಏಳರಾಗ ಬಿದ್ದಾಳ್ರಿ. ಹಲ್ಲಿಗೆ ಕೈ ಹಚ್ಚಬ್ಯಾಡ್ರಿ, ಬರೇ ಗುಳಿಗಿ ಬರಕೊಡ್ರಿ, ಹಡದ ಮ್ಯಾಲ ನೋಡೂಣು.”

ಆ ಮಾತಿನ ಹಿಂದಿರುವುದು ಹೊಟ್ಟೆಯಲ್ಲಿರುವ ಕೂಸಿನ ಕಾಳಜಿ. ಆದರೆ ಹೆದರಬೇಕಾದ ಕಡೆ ಧೈರ್ಯ, ಧೈರ್ಯ ಮಾಡಬೇಕಾದ ಕಡೆ ಹೆದರಿಕೆ ಆಗಿಬಿಟ್ಟಿದೆ. ಕೈಚೀಲದಲ್ಲಿರುವ ಆ ಗುಳಿಗೆಯೇ ಕೂಸಿಗೆ ಕಂಟಕವಾಗಬಹುದು. ಬೇಡವೆನ್ನುತ್ತಿರುವ ಹಲ್ಲಿನ ಕೆಲಸವನ್ನು ಮಾತ್ರ ಸರಿಯಾದ ಕ್ರಮದಲ್ಲಿ ಯಾವ ತಿಂಗಳಲ್ಲಾದರೂ ಮಾಡಬಹುದು. ಹಡೆಯುವವರೆಗೆ ಕಾಯೋಣ ಎಂದು ಮನೆಯವರು ಕೂತರೂ ಹಲ್ಲಿನ ಬುಡದ ಕೀವು ಕಾಯುವುದಿಲ್ಲ. ಬಸುರಿ ಬಂದಾಗ ಹಲ್ಲಿನ ಡಾಕ್ಟರರಾದ ನಾವು ಏನು ಕೇಳುತ್ತೇವೆ, ಏನು ಮಾಡುತ್ತೇವೆ, ಯಾವುದನ್ನು ಮುಂದಕ್ಕೆ ಹಾಕುತ್ತೇವೆ ಎಂಬುದು ಮನೆಯವರಿಗೂ ಗೊತ್ತಿದ್ದರೆ ಅರ್ಧ ಅಂಜಿಕೆ ಅಲ್ಲೇ ಕಳೆಯುತ್ತದೆ.

ಮೊದಲು ಕುರ್ಚಿಗಲ್ಲ, ಮೇಜಿನ ಮುಂದೆ ಕೂರಿಸಿ ತಾಯಿ ಕಾರ್ಡ್ ಕೇಳುತ್ತೇವೆ. ಎಷ್ಟನೇ ವಾರ ಎಂಬುದು ಮೊದಲ ಪ್ರಶ್ನೆ. ಮೊದಲ 12 ವಾರ ಕೂಸಿನ ಅಂಗಾಂಗ ರೂಪುಗೊಳ್ಳುವ ಕಾಲ, ತಾಯಿಗೂ ವಾಂತಿ, ಸುಸ್ತು. 28 ವಾರ ದಾಟಿದ ಮೇಲೆ ಬಹಳ ಹೊತ್ತು ಅಂಗಾತ ಮಲಗುವುದು ಕಷ್ಟ. ಹಾಗಾಗಿ ಅವಸರವಿಲ್ಲದ ಕೆಲಸಗಳಿಗೆ, ಅಂದರೆ ಹುಳುಕು ತುಂಬುವುದು, ಪಾಚಿ ತೆಗೆಯುವುದು ಇವಕ್ಕೆ 14ರಿಂದ 20ನೇ ವಾರ ಎಲ್ಲಕ್ಕಿಂತ ಅನುಕೂಲ. ನೋವು, ಕೀವು, ಬಾವು, ನಿಲ್ಲದ ರಕ್ತ ಇದ್ದರೆ ಮಾತ್ರ ಈ ವಾರಗಳ ಲೆಕ್ಕ ನೋಡಬಾರದು. ಎರಡನೇ ತಿಂಗಳಾಗಲಿ ಒಂಬತ್ತನೆಯದಾಗಲಿ, ಅವತ್ತೇ ಕೈ ಹಚ್ಚಬೇಕು.

ಕಾರ್ಡಿನಲ್ಲಿ ಮುಂದೆ ನೋಡುವುದು ಹಿಮೋಗ್ಲೋಬಿನ್, ಬಿಪಿ, ಸಕ್ಕರೆ. ಬಸುರಿಯಲ್ಲಿ ಹಿಮೋಗ್ಲೋಬಿನ್ 11ಕ್ಕಿಂತ ಕಡಿಮೆಯಿದ್ದರೆ ರಕ್ತಹೀನತೆ. ನಮಗೆ ಇದರಿಂದ ಒಂದು ತೊಡಕಿದೆ: ರಕ್ತ ಕಡಿಮೆಯಿರುವವರ ವಸಡು ಬಿಳಿಚಿಕೊಂಡಿರುತ್ತದೆ, ರೋಗವಿದ್ದರೂ ಕೆಂಪು ಎದ್ದು ಕಾಣುವುದಿಲ್ಲ. ಬಣ್ಣ ನೋಡಿ ‘ಚಲೋ ಐತಿ’ ಅಂದುಬಿಟ್ಟರೆ ತಪ್ಪುತ್ತದೆ. ವಸಡಿನ ಆಳ ನೋಡುವ ಕಡ್ಡಿ ಇಳಿಸಿ ಅಳೆಯಲೇಬೇಕು. ಬಿಪಿ 140/90 ಮುಟ್ಟಿದ್ದರೆ ಅವಸರವಿಲ್ಲದ ಕೆಲಸ ನಿಲ್ಲಿಸಿ ಹೆರಿಗೆ ಡಾಕ್ಟರ್ ಹತ್ತಿರ ಕಳಿಸುತ್ತೇವೆ. 160/110 ಇದ್ದರೆ ಹಲ್ಲಿನ ಮಾತೇ ಬೇಡ, ಅದೇ ಗಳಿಗೆಯಲ್ಲಿ ದೊಡ್ಡ ದವಾಖಾನೆಗೆ ಹೋಗಬೇಕು. ಬಸಿರಿನಲ್ಲಿ ಸಕ್ಕರೆ ಕಾಣಿಸಿಕೊಂಡವರ ವಸಡನ್ನು ಇನ್ನಷ್ಟು ನಿಗಾ ಇಟ್ಟು ನೋಡುತ್ತೇವೆ, ಏಕೆಂದರೆ ಸಕ್ಕರೆ ಏರಿದರೆ ವಸಡು ಕೆಡುತ್ತದೆ, ವಸಡಿನ ಸೋಂಕು ಸಕ್ಕರೆಯನ್ನು ಹತೋಟಿಗೆ ಬರಗೊಡುವುದಿಲ್ಲ. ಬಿಪಿ ಏರಬಾರದೆಂದು ಹೆರಿಗೆ ಡಾಕ್ಟರ್ ಸಣ್ಣ ಪ್ರಮಾಣದ ಆಸ್ಪಿರಿನ್ ಕೊಟ್ಟಿರುವುದುಂಟು. ಹಲ್ಲು ತೆಗೆಸಬೇಕು ಎಂದು ಅದನ್ನು ತಾವೇ ಬಿಡಬಾರದು. ರಕ್ತ ಹೆಪ್ಪುಗಟ್ಟದಂತೆ ಕೊಡುವ ಹೆಪಾರಿನ್ ಚುಚ್ಚುಮದ್ದು ನಡೆದಿದ್ದರೆ ನಾವು ಹೆರಿಗೆ ಡಾಕ್ಟರಿಗೆ ಫೋನ್ ಮಾಡಿ ಕೇಳಿಯೇ ಮುಂದುವರಿಯುತ್ತೇವೆ.

ಇನ್ನು ಬಾಯಿ. ಬಸುರಿಯ ವಸಡನ್ನು ಹತ್ತಿರದಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಎರಡು ಹಲ್ಲಿನ ನಡುವಿನ ತ್ರಿಕೋನ. ಆರೋಗ್ಯವಾಗಿದ್ದಾಗ ಅದು ತಿಳಿಗುಲಾಬಿ, ಬಿಗಿ, ಚೂಪು. ಮೂರನೇ ನಾಲ್ಕನೇ ತಿಂಗಳ ಹೊತ್ತಿಗೆ ಅದು ಉಬ್ಬಿ, ಕಡುಗೆಂಪಾಗಿ, ಎಣ್ಣೆ ಸವರಿದ ಹಾಗೆ ಮಿನುಗುತ್ತಿರುತ್ತದೆ. ಮಿಲಿಮೀಟರ್ ಗೆರೆಗಳಿರುವ ಮೊಂಡು ತುದಿಯ ಕಡ್ಡಿಯನ್ನು ವಸಡಿನ ಅಂಚಿನೊಳಗೆ ಮೆಲ್ಲಗೆ ಇಳಿಸಿ ತೆಗೆದರೆ ಒಂದೆರಡು ಕ್ಷಣ ಏನೂ ಇಲ್ಲ. ಆಮೇಲೆ ಅಂಚಿನುದ್ದಕ್ಕೂ ರಕ್ತದ ಹನಿಗಳು ಸಾಲಾಗಿ ಮೂಡುತ್ತವೆ. 3 ಮಿಲಿಮೀಟರ್‌ವರೆಗೆ ಇಳಿದರೆ ಸಹಜ. 4, 5 ಇಳಿದರೆ ಎರಡು ಅರ್ಥ: ಹಲ್ಲು ಹಿಡಿದಿರುವ ಎಲುಬು ಸವೆದು ಆಳವಾಗಿರಬಹುದು, ಇಲ್ಲವೇ ವಸಡು ಬಾತು ಮೇಲೇರಿದ್ದರಿಂದ ಆಳ ಕಾಣುತ್ತಿರಬಹುದು. ಬಸಿರಿನಲ್ಲಿ ಎರಡನೆಯದೇ ಹೆಚ್ಚು, ಅದು ಇಳಿಯುತ್ತದೆ. ಮೊದಲನೆಯದರಲ್ಲಿ ಸವೆದ ಎಲುಬು ತಾನಾಗಿ ಮತ್ತೆ ಬೆಳೆಯುವುದಿಲ್ಲ. ಹಲ್ಲು ತುಸು ಅಲುಗಾಡುವುದೂ ಈ ತಿಂಗಳುಗಳಲ್ಲಿ ಉಂಟು. ಹಲ್ಲಿನ ಬೇರನ್ನು ಎಲುಬಿಗೆ ಕಟ್ಟಿರುವ ನಾರು ಹಾರ್ಮೋನಿನಿಂದ ಸಡಿಲಾಗಿ ಹೀಗಾಗುತ್ತದೆ, ಹೆರಿಗೆಯ ನಂತರ ಬಿಗಿಯುತ್ತದೆ.

ಬಸುರಿಯರಲ್ಲಿ ನೂರಕ್ಕೆ 60ರಿಂದ 75 ಮಂದಿಗೆ ಈ ವಸಡಿನ ಊತ ಬರುತ್ತದೆ. ಎರಡನೇ ತಿಂಗಳಿಗೆ ಶುರುವಾಗಿ ಎಂಟನೇ ತಿಂಗಳಿಗೆ ಹೆಚ್ಚಾಗಿ, ಹೆರಿಗೆಯಾದ ಮೇಲೆ ಇಳಿಯುವುದು ಇದರ ರೂಢಿ. ಪ್ರೊಜೆಸ್ಟರಾನ್, ಈಸ್ಟ್ರೋಜನ್ ಹಾರ್ಮೋನುಗಳು ಏರಿದಾಗ ವಸಡಿನ ಸಣ್ಣ ರಕ್ತನಾಳಗಳು ಹಿಗ್ಗಿ ಸೋರತೊಡಗುತ್ತವೆ. ಅದಲ್ಲದೆ ಪ್ರಿವೊಟೆಲ್ಲಾ ಇಂಟರ್ಮೀಡಿಯಾ ಎಂಬ ಬ್ಯಾಕ್ಟೀರಿಯಾ ಈ ಹಾರ್ಮೋನುಗಳನ್ನೇ ಆಹಾರ ಮಾಡಿಕೊಂಡು ಹಲ್ಲು, ವಸಡಿನ ಸಂದಿಯಲ್ಲಿ ಹುಲುಸಾಗುತ್ತದೆ. ಆದರೆ ಹಾರ್ಮೋನ್ ಒಂದೇ ರೋಗ ತರುವುದಿಲ್ಲ. ಹಲ್ಲಿನ ಮೇಲೆ ಕೂತ ಬಿಳಿ ಲೋಳೆ ಇದ್ದರಷ್ಟೇ ಇದು ಕೆರಳುತ್ತದೆ. ಅದನ್ನು ದಿನವೂ ತೆಗೆಯುವವರಿಗೆ ಇದೇ ಹಾರ್ಮೋನಿದ್ದರೂ ಊತ ಕಡಿಮೆ. ವಸಡಿನ ಊತಕ್ಕೆ ಅಂಕ ಕೊಡಲು ಇವತ್ತಿಗೂ ವ್ಯಾಪಕವಾಗಿ ಬಳಸುವ ಅಳತೆಯನ್ನು ಲೋ ಮತ್ತು ಸಿಲ್ನೆಸ್ ಎಂಬ ಇಬ್ಬರು 1963ರಲ್ಲಿ ಪ್ರಕಟಿಸಿದ್ದು ಬಸುರಿಯರ ವಸಡಿನ ಅಧ್ಯಯನದಲ್ಲೇ.

ಇಲ್ಲಿ ಎಲ್ಲರೂ ಕೇಳುವ ಪ್ರಶ್ನೆ: “ವಸಡಿಗಿ ಹಿಂಗಾದ್ರ ಕೂಸಿಗೇನರ ಆಗತೈತೇನ್ರಿ?” ಇದಕ್ಕೆ ಹೆದರಿಸದೆ, ಮುಚ್ಚಿಡದೆ ಉತ್ತರ ಕೊಡಬೇಕು. 1996ರಲ್ಲಿ ಅಮೆರಿಕದ ನಾರ್ತ್ ಕೆರೊಲಿನಾದಲ್ಲಿ ಆಫೆನ್‌ಬ್ಯಾಕರ್ ಮತ್ತು ಸಂಗಡಿಗರು 124 ತಾಯಂದಿರನ್ನು ನೋಡಿ, ವಸಡಿನ ರೋಗ ಬಲಿತವರಲ್ಲಿ ಅವಧಿಗೆ ಮುಂಚಿನ ಹೆರಿಗೆ, ಕಡಿಮೆ ತೂಕದ ಕೂಸು ಹೆಚ್ಚು ಎಂದು ತೋರಿಸಿದರು. ಅವಧಿಗೆ ಮುಂಚೆ ಅಂದರೆ 37 ವಾರ ತುಂಬುವ ಮೊದಲು, ಕಡಿಮೆ ತೂಕ ಅಂದರೆ ಎರಡೂವರೆ ಕಿಲೋಗಿಂತ ಕೆಳಗೆ. ವಸಡಿನ ಗಾಯದಿಂದ ಬ್ಯಾಕ್ಟೀರಿಯಾ ಮತ್ತು ಅದರ ವಿಷ ರಕ್ತಕ್ಕೆ ಸೇರುತ್ತದೆ, ಮೈಯಲ್ಲಿ ಪ್ರೊಸ್ಟಗ್ಲಾಂಡಿನ್‌ನಂಥ ವಸ್ತುಗಳು ಏರುತ್ತವೆ, ಹೆರಿಗೆ ಬೇನೆ ಎಬ್ಬಿಸುವುದೂ ಅವೇ ಎಂಬುದು ಇದರ ಹಿಂದಿನ ತರ್ಕ. ಬಾಯಿಯ ಫ್ಯುಸೊಬ್ಯಾಕ್ಟೀರಿಯಂ ಎಂಬ ಬ್ಯಾಕ್ಟೀರಿಯಾ ಮಾಸಿನಲ್ಲಿ ಸಿಕ್ಕಿರುವುದೂ ನಿಜ.

ಹಾಗಾದರೆ ವಸಡಿಗೆ ಚಿಕಿತ್ಸೆ ಕೊಟ್ಟರೆ ಅಕಾಲ ಹೆರಿಗೆ ತಪ್ಪುತ್ತದೆಯೇ? 2006ರಲ್ಲಿ ಪ್ರಕಟವಾದ ಅಮೆರಿಕದ ದೊಡ್ಡ ಪ್ರಯೋಗವೊಂದರಲ್ಲಿ 823 ಬಸುರಿಯರನ್ನು ಎರಡು ಗುಂಪು ಮಾಡಿ, ಒಂದು ಗುಂಪಿಗೆ 21 ವಾರದೊಳಗೆ, ಇನ್ನೊಂದಕ್ಕೆ ಹೆರಿಗೆಯ ನಂತರ ವಸಡಿನ ಚಿಕಿತ್ಸೆ ಕೊಟ್ಟರು. ಅಕಾಲ ಹೆರಿಗೆ ಮೊದಲ ಗುಂಪಿನಲ್ಲಿ ನೂರಕ್ಕೆ 12, ಎರಡನೆಯದರಲ್ಲಿ 12.8, ಹೆಚ್ಚುಕಡಿಮೆ ಸಮ. ಆದ್ದರಿಂದ ‘ಹಲ್ಲು ಕ್ಲೀನ್ ಮಾಡಿಸಿದರೆ ಕೂಸು ತುಂಬಿದ ತಿಂಗಳಿಗೇ ಹುಟ್ಟುತ್ತದೆ’ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ಅದೇ ಪ್ರಯೋಗ ಇನ್ನೊಂದನ್ನೂ ತೋರಿಸಿತು: ಬಸಿರಿನಲ್ಲಿ ಚಿಕಿತ್ಸೆ ಪಡೆದವರ ವಸಡು ಸುಧಾರಿಸಿತು, ತಾಯಿಗಾಗಲಿ ಕೂಸಿಗಾಗಲಿ ತೊಂದರೆ ಹೆಚ್ಚಲಿಲ್ಲ. ನೋವಿಲ್ಲದೆ ಉಣ್ಣುವುದು, ಕೀವಿಲ್ಲದ ಬಾಯಿ, ಬೇಡದ ಗುಳಿಗೆ ತಪ್ಪುವುದು ಇಷ್ಟೇ ಸಾಕು, ಚಿಕಿತ್ಸೆ ಮಾಡಿಸಲು ಬೇರೆ ಕಾರಣ ಬೇಕಿಲ್ಲ.

ಪಾಚಿ ತೆಗೆಯುವ ಕೆಲಸಕ್ಕೆ ಬೆಳಗಿನ ಹನ್ನೊಂದರ ನಂತರದ ಹೊತ್ತು ಕೊಡುತ್ತೇವೆ. ಬೆಳಗಿನ ವಾಂತಿ ಅಷ್ಟೊತ್ತಿಗೆ ಇಳಿದಿರುತ್ತದೆ. ಹಸಿದ ಹೊಟ್ಟೆಯಲ್ಲಿ ಬರಬಾರದು. ಒಂದು ರೊಟ್ಟಿ, ಪಲ್ಯ ತಿಂದು ಒಂದೂವರೆ ತಾಸಿನ ಮೇಲೆ ಬಂದರೆ ತಲೆಸುತ್ತೂ ಇಲ್ಲ, ಓಕರಿಕೆಯೂ ಇಲ್ಲ. ಕೂರುವ ಮೊದಲು ಶೌಚಾಲಯಕ್ಕೆ ಹೋಗಿ ಬರಲು ಹೇಳುತ್ತೇವೆ.

ಕುರ್ಚಿಯಲ್ಲಿ ಮಲಗಿಸುವ ರೀತಿಯೇ ಬಸುರಿಯ ಚಿಕಿತ್ಸೆಯಲ್ಲಿ ಅತಿ ಮುಖ್ಯ. ಇದನ್ನು ಮರೆತಾಗಲೇ ಗಾಬರಿ ಹುಟ್ಟುವುದು. ಐದನೇ ತಿಂಗಳು ದಾಟಿದವರನ್ನು ಪೂರ್ತಿ ಅಂಗಾತ ಮಲಗಿಸಿದರೆ ಗರ್ಭಕೋಶದ ಭಾರ ಬೆನ್ನೆಲುಬಿನ ಬಲಪಕ್ಕದ ದೊಡ್ಡ ಅಭಿಧಮನಿಯ ಮೇಲೆ ಬೀಳುತ್ತದೆ. ಕಾಲಿನ ರಕ್ತ ಹೃದಯಕ್ಕೆ ಮರಳುವುದಿಲ್ಲ, ಬಿಪಿ ಕುಸಿಯುತ್ತದೆ. ಮುಖ ಬಿಳಿಚುತ್ತದೆ, ಹಣೆ ಬೆವರುತ್ತದೆ, “ಡಾಕ್ಟರ್ರೀ, ಎದಿ ಒಂಥರಾ ಆಗಾಕತ್ತೈತಿ” ಅನ್ನುತ್ತಾರೆ. ಮನೆಯವರು ಚುಚ್ಚುಮದ್ದಿನಿಂದ ಆಯಿತು ಎಂದುಕೊಳ್ಳುತ್ತಾರೆ. ನಿಜಕ್ಕೂ ಆಗಿದ್ದು ಮಲಗಿಸಿದ್ದರಿಂದ. ಕುರ್ಚಿಯ ಬೆನ್ನನ್ನು ಅರ್ಧ ಎತ್ತರಕ್ಕೆ ಇಟ್ಟು, ಬಲ ಸೊಂಟದ ಕೆಳಗೆ ನಾಲ್ಕರಿಂದ ಆರು ಇಂಚು ದಪ್ಪದ ದಿಂಬು ಅಥವಾ ಸುತ್ತಿದ ಚಾದರ ಕೊಟ್ಟು, ಮೈ ಎಡಕ್ಕೆ 15 ಡಿಗ್ರಿಯಷ್ಟು ವಾಲುವಂತೆ ಮಾಡಿದರೆ ಈ ತೊಂದರೆ ಬಹುಪಾಲು ಬರುವುದೇ ಇಲ್ಲ. ಬಂದರೆ ಪೂರ್ತಿ ಎಡಮಗ್ಗುಲಿಗೆ ಹೊರಳಿಸಬೇಕು. ಒಂದೆರಡು ನಿಮಿಷದಲ್ಲಿ ಬಣ್ಣ ಮರಳುತ್ತದೆ. ಹಾಗೂ ಸರಿಹೋಗದಿದ್ದರೆ ಅದು ಬೇರೆ ಕಾರಣ, ಹೆರಿಗೆ ದವಾಖಾನೆಗೆ ಕಳಿಸಬೇಕು. ಒಮ್ಮೆಗೆ ಅರ್ಧ ತಾಸಿಗಿಂತ ಹೆಚ್ಚು ಮಲಗಿಸುವುದಿಲ್ಲ. ಕೆಲಸ ಮುಗಿಯದಿದ್ದರೆ ಉಳಿದರ್ಧ ಬಾಯಿಗೆ ಇನ್ನೊಂದು ದಿನ.

ಪಾಚಿ ತೆಗೆಯುವುದು ನೀರು ಚಿಮ್ಮುತ್ತ ಕಂಪಿಸುವ ಯಂತ್ರದ ತುದಿಯಿಂದ. ಓಕರಿಕೆ ಬೇಗ ಬರುವವರಿಗೆ ಮುಂದಿನ ಹಲ್ಲಿನಿಂದ ಶುರುಮಾಡಿ ಹಿಂದಕ್ಕೆ ಹೋಗುತ್ತೇವೆ, ನೀರೆಳೆಯುವ ಕೊಳವೆಯನ್ನು ಕೆನ್ನೆ ಪಕ್ಕ ಇಡುತ್ತೇವೆ, ನಾಲಿಗೆಯ ಬುಡಕ್ಕೆ ತಾಗಗೊಡುವುದಿಲ್ಲ. ಒಂದೆರಡು ದಿನ ಹಲ್ಲು ಜುಂ ಎನ್ನುತ್ತದೆ, ಸಂದಿ ಕಾಣುತ್ತದೆ. “ಕ್ಲೀನ್ ಮಾಡಿಸಿದ ಮ್ಯಾಲ ಹಲ್ಲ ಸಡಲಾತು” ಎಂಬ ದೂರು ಹುಟ್ಟುವುದು ಇಲ್ಲಿಂದ. ಸಂದಿಯಲ್ಲಿ ತುಂಬಿಕೊಂಡಿದ್ದ ಗಟ್ಟಿ ಪಾಚಿ ಹೋಗಿ, ಬಾತ ವಸಡು ಇಳಿದಾಗ ಇದ್ದ ಖಾಲಿ ಜಾಗ ಕಣ್ಣಿಗೆ ಬೀಳುತ್ತದೆ ಅಷ್ಟೇ. ವಸಡು ತೀರಾ ಕೆಟ್ಟಿದ್ದರೆ ಆಲ್ಕೋಹಾಲ್ ಇಲ್ಲದ ಕ್ಲೋರ್‌ಹೆಕ್ಸಿಡಿನ್ ಬಾಯಿ ತೊಳೆಯುವ ಔಷಧವನ್ನು 10 ಎಂ.ಎಲ್. ತೆಗೆದುಕೊಂಡು ಅರ್ಧದಿಂದ ಒಂದು ನಿಮಿಷ, ದಿನಕ್ಕೆರಡು ಸಲ, ಒಂದೆರಡು ವಾರಕ್ಕೆ ಹೇಳುತ್ತೇವೆ. ಪೇಸ್ಟಿನಿಂದ ತಿಕ್ಕಿದ ಕೂಡಲೇ ಬಳಸಿದರೆ ಅದರ ಬಲ ಕುಂದುತ್ತದೆ, ನಡುವೆ ಅರ್ಧ ತಾಸು ಬಿಡಬೇಕು. ತಿಂಗಳುಗಟ್ಟಲೆ ಬಳಸಿದರೆ ಹಲ್ಲು ಕಂದು ಬಣ್ಣಕ್ಕೆ ತಿರುಗುತ್ತದೆ.

ಕೆಲವರಿಗೆ, ಹೆಚ್ಚಾಗಿ ಮೇಲಿನ ಮುಂಬಲ್ಲಿನ ಸಂದಿಯಲ್ಲಿ, ಕೆಂಪು ಗಂಟು ಬೆಳೆಯುತ್ತದೆ. ಬ್ರಷ್ ತಾಗಿದರೆ ರಕ್ತ ಸುರಿಯುತ್ತದೆ. ಕ್ಯಾನ್ಸರ್ ಎಂದು ಹೆದರಿ ಅಳುತ್ತ ಬರುತ್ತಾರೆ. ಬಸಿರಿನ ಗಂಟು ಎಂದೇ ಇದಕ್ಕೆ ಹೆಸರು, ಕ್ಯಾನ್ಸರ್ ಅಲ್ಲ. ಹೆರಿಗೆಯ ನಂತರ ಬಹುಪಾಲು ತಾನೇ ಕುಗ್ಗುತ್ತದೆ. ಬಸಿರಿನಲ್ಲೇ ಕತ್ತರಿಸಿದರೆ ಮತ್ತೆ ಬರುವುದುಂಟು. ಊಟಕ್ಕೆ ಅಡ್ಡಿ ಮಾಡದಿದ್ದರೆ, ರಕ್ತ ನಿಲ್ಲುವಂತಿದ್ದರೆ, ಸುತ್ತಲಿನ ಪಾಚಿ ತೆಗೆದು ಕಾಯುತ್ತೇವೆ.

ಹುಳುಕು ಹಲ್ಲಿನ ನೋವು, ಬಾವು ಇದಕ್ಕಿಂತ ಗಂಭೀರ. ಮೊದಲು ಎಕ್ಸ್‌ರೇ ಎಂಬ ಮಾತು ಬಂದರೆ ಮನೆಯವರು ಎದ್ದು ನಿಲ್ಲುತ್ತಾರೆ. ಒಂದು ಹಲ್ಲಿನ ಸಣ್ಣ ಎಕ್ಸ್‌ರೇಯಿಂದ ತಾಯಿಗೆ ಸಿಗುವ ವಿಕಿರಣ ಸುಮಾರು 0.005 ಮಿಲಿಸೀವರ್ಟ್, ನೆಲದಿಂದ, ಆಕಾಶದಿಂದ ಎಲ್ಲರ ಮೈಗೂ ಒಂದು ದಿನದಲ್ಲಿ ಸಹಜವಾಗಿ ತಾಗುವುದೂ ಹೆಚ್ಚುಕಡಿಮೆ ಇಷ್ಟೇ. ಕಿರಣ ಹೋಗುವುದು ದವಡೆಯ ಕಡೆಗೆ, ಹೊಟ್ಟೆಯ ಕಡೆಗಲ್ಲ. ಸೀಸದ ಹೊದಿಕೆಯನ್ನೂ ಹಾಕುತ್ತೇವೆ. ಬೇರಿನ ಉದ್ದ ಅಳೆಯಲು ಎಲೆಕ್ಟ್ರಾನಿಕ್ ಉಪಕರಣ ಇರುವುದರಿಂದ ರೂಟ್ ಕೆನಾಲ್‌ಗೆ ಎಕ್ಸ್‌ರೇ ಎರಡು ಮೂರರಲ್ಲಿ ಮುಗಿಯುತ್ತದೆ. ಬೇಡದ ಎಕ್ಸ್‌ರೇ ತೆಗೆಯುವುದಿಲ್ಲ. ಬೇಕಾದದ್ದನ್ನು ಬಿಟ್ಟರೆ ಕೆಟ್ಟ ಹಲ್ಲಿನ ಬದಲು ಪಕ್ಕದ ಹಲ್ಲಿಗೆ ಕೈ ಹಾಕಿದಂತಾದೀತು.

ಮರಗಟ್ಟಿಸುವ ಚುಚ್ಚುಮದ್ದು ನೂರಕ್ಕೆ 2ರ ಲಿಗ್ನೊಕೇನ್, ಅಡ್ರಿನಾಲಿನ್ ಬೆರೆತದ್ದು. ಬಸುರಿಗೆ ಕೊಡಬಹುದಾದ ಮದ್ದು ಇದು. ಅಡ್ರಿನಾಲಿನ್ ಇರುವುದರಿಂದ ಮದ್ದು ಹಾಕಿದ ಜಾಗದಲ್ಲೇ ನಿಂತು, ರಕ್ತಕ್ಕೆ ನಿಧಾನವಾಗಿ ಸೇರುತ್ತದೆ, ಸ್ವಲ್ಪದರಲ್ಲೇ ಕೆಲಸ ಮುಗಿಯುತ್ತದೆ. ಸೂಜಿ ರಕ್ತನಾಳದಲ್ಲಿಲ್ಲ ಎಂದು ಹಿಂದಕ್ಕೆಳೆದು ನೋಡಿ, ಒಂದು ನಿಮಿಷಕ್ಕೂ ಹೆಚ್ಚು ಹೊತ್ತು ನಿಧಾನವಾಗಿ ಹಾಕುತ್ತೇವೆ. ಮರಗಟ್ಟಿಸದೆ ನೋವಿನಲ್ಲೇ ಹಲ್ಲು ಕೊರೆದರೆ ತಾಯಿಯ ಮೈಯೇ ಅದಕ್ಕಿಂತ ಎಷ್ಟೋ ಹೆಚ್ಚು ಅಡ್ರಿನಾಲಿನ್ ಸುರಿಸುತ್ತದೆ.

ಹಲ್ಲಿನ ಬುಡದಲ್ಲಿ ಕೀವು ಇದ್ದರೆ ಮಾಡಬೇಕಾದ ಕೆಲಸ ಕೀವಿಗೆ ದಾರಿ ಮಾಡುವುದು. ಹಲ್ಲನ್ನು ಮೇಲಿನಿಂದ ತೆರೆದರೆ ಕೆಲವೊಮ್ಮೆ ಕೀವು ತಾನೇ ಚಿಮ್ಮಿ ಬರುತ್ತದೆ, ರೋಗಿಯ ಮುಖದ ಬಿಗಿ ಕುರ್ಚಿಯಲ್ಲೇ ಸಡಿಲಾಗುತ್ತದೆ. ಬರೀ ಆಂಟಿಬಯಾಟಿಕ್ ಕೊಟ್ಟು ಕಳಿಸಿದರೆ ನಾಲ್ಕು ದಿನ ಇಳಿದಂತೆ ಕಂಡು, ಕೋರ್ಸ್ ಮುಗಿದ ಮೇಲೆ ಮರಳುತ್ತದೆ. ಸತ್ತ ಹಲ್ಲಿನೊಳಗೆ ರಕ್ತ ಹರಿಯುವುದಿಲ್ಲವಾದ್ದರಿಂದ ಗುಳಿಗೆ ಅಲ್ಲಿಗೆ ಮುಟ್ಟುವುದೇ ಇಲ್ಲ. ಹೀಗೆ ಎರಡು ಮೂರು ಸಲ ಗುಳಿಗೆ ನುಂಗಿ ಎಂಟನೇ ತಿಂಗಳಿಗೆ ಬರುವವರನ್ನು ನೋಡಿದಾಗ ಸಂಕಟವಾಗುತ್ತದೆ, ಏಕೆಂದರೆ ಐದನೇ ತಿಂಗಳಲ್ಲಿ ಅರ್ಧ ತಾಸಿನ ಕೆಲಸವಾಗಿತ್ತು. ಜ್ವರ, ಬಾಯಿ ಎರಡು ಬೆರಳಿನಷ್ಟೂ ತೆರೆಯದಿರುವುದು, ಉಗುಳು ನುಂಗಲಾಗದಿರುವುದು, ಗದ್ದದ ಕೆಳಗೆ ಎರಡೂ ಕಡೆ ಗಟ್ಟಿ ಬಾವು, ನಾಲಿಗೆ ಮೇಲೆದ್ದಿರುವುದು ಇವುಗಳಲ್ಲಿ ಯಾವುದೇ ಕಂಡರೂ ಬೆಳಗಾಗುವವರೆಗೆ ಕಾಯಬೇಡಿ. ಬಾವು ಗಂಟಲಿಗಿಳಿದರೆ ಉಸಿರು ಕಟ್ಟುತ್ತದೆ. ರಾತ್ರಿಯಾದರೂ ಹೆರಿಗೆ ಡಾಕ್ಟರ್, ಶಸ್ತ್ರಚಿಕಿತ್ಸೆ ಎರಡೂ ಇರುವ ದೊಡ್ಡ ದವಾಖಾನೆಗೇ ಹೋಗಬೇಕು.

ಉಳಿಸಲಾಗದ ಹಲ್ಲನ್ನು ಬಸಿರಿನಲ್ಲೂ ತೆಗೆಯಬಹುದು. ತೆಗೆದ ಮೇಲೆ ಹತ್ತಿಯನ್ನು ಮುಕ್ಕಾಲು ತಾಸು ಕಚ್ಚಿ ಹಿಡಿಯಬೇಕು. ಅವತ್ತು ಉಗುಳಬಾರದು, ಬಾಯಿ ಮುಕ್ಕಳಿಸಬಾರದು, ಸುಡುವ ಚಹಾ ಬೇಡ. ಆರಿದ ಗಂಜಿ, ಮೊಸರನ್ನ, ಹಾಲಿನಲ್ಲಿ ನೆನೆಸಿದ ರೊಟ್ಟಿ ಸಾಕು. ರಕ್ತ ನಿಲ್ಲಲಿ ಎಂದು ಗುಂಡಿಗೆ ಅರಿಶಿನ, ತಂಬಾಕಿನ ಪುಡಿ ತುಂಬುವ ರೂಢಿ ಇನ್ನೂ ಇದೆ. ಗುಂಡಿಯಲ್ಲಿ ಕಟ್ಟಿದ ರಕ್ತದ ಹೆಪ್ಪೇ ಗಾಯದ ಮುಚ್ಚಳ. ಪುಡಿ ತುಂಬಿ ಅದು ಕಿತ್ತುಹೋದರೆ ಮೂರನೇ ದಿನಕ್ಕೆ ಎಲುಬು ಬೆತ್ತಲಾಗಿ, ಕಿವಿಯವರೆಗೆ ಸಿಡಿಯುವ ನೋವು ಶುರುವಾಗುತ್ತದೆ. ಬುದ್ಧಿಹಲ್ಲಿನ ಶಸ್ತ್ರಚಿಕಿತ್ಸೆ, ಇಂಪ್ಲಾಂಟ್, ಹಲ್ಲು ಬೆಳ್ಳಗೆ ಮಾಡಿಸುವುದು ಇವೆಲ್ಲ ಹೆರಿಗೆಯ ನಂತರ.

ಈಗ ಆ ಕೈಚೀಲದ ಗುಳಿಗೆ. ಹಲ್ಲುನೋವು ಎಂದು ಕೇಳಿದರೆ ಅಂಗಡಿಯಲ್ಲಿ ಕೈಗೆ ಬರುವುದು ಐಬುಪ್ರೊಫೆನ್, ಡೈಕ್ಲೊಫೆನಾಕ್, ಅಸೆಕ್ಲೊಫೆನಾಕ್, ಕೆಟೊರೊಲ್ಯಾಕ್, ನಿಮೆಸುಲೈಡ್ ಇವುಗಳಲ್ಲೊಂದು. 20 ವಾರದ ನಂತರ ಈ ಜಾತಿಯ ಗುಳಿಗೆಗಳಿಂದ ಕೂಸಿನ ಮೂತ್ರಪಿಂಡಕ್ಕೆ ಪೆಟ್ಟಾಗಿ ಗರ್ಭದ ನೀರು ಇಳಿಯಬಹುದು ಎಂದು ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ 2020ರಲ್ಲಿ ಎಚ್ಚರಿಸಿದೆ. ಕೊನೆಯ ಮೂರು ತಿಂಗಳಲ್ಲಿ ಕೂಸಿನ ಹೃದಯದ ಬಳಿಯ, ಹುಟ್ಟುವವರೆಗೆ ತೆರೆದೇ ಇರಬೇಕಾದ ರಕ್ತನಾಳವೊಂದು ಮೊದಲೇ ಮುಚ್ಚಿಕೊಳ್ಳುವ ಅಪಾಯವೂ ಇದೆ. ಬಸುರಿಯ ಹಲ್ಲುನೋವಿಗೆ ನಾವು ಬರೆಯುವುದು ಪ್ಯಾರಾಸಿಟಮಾಲ್ 500 ಅಥವಾ 650 ಮಿಲಿಗ್ರಾಂ, ಆರು ತಾಸಿನ ಅಂತರದಲ್ಲಿ, ಆದಷ್ಟು ಕಡಿಮೆ ದಿನ. ಪಟ್ಟಿಯ ಹಿಂದೆ ಪ್ಯಾರಾಸಿಟಮಾಲ್ ಜೊತೆ ಇನ್ನೊಂದು ಹೆಸರು ಅಚ್ಚಾಗಿದ್ದರೆ ತಗೋಬೇಡಿ. ಆಂಟಿಬಯಾಟಿಕ್ ಬೇಕಾದರೆ ಅಮಾಕ್ಸಿಸಿಲಿನ್. ಅದು ಒಗ್ಗದವರಿಗೆ ಅಜಿಥ್ರೊಮೈಸಿನ್ ಅಥವಾ ಕ್ಲಿಂಡಮೈಸಿನ್. ಟೆಟ್ರಾಸೈಕ್ಲಿನ್, ಡಾಕ್ಸಿಸೈಕ್ಲಿನ್ ಬೇಡ. ಕೂಸಿನ ಹಾಲುಹಲ್ಲು ಗಟ್ಟಿಯಾಗತೊಡಗುವುದು ನಾಲ್ಕನೇ ತಿಂಗಳಿಂದ. ಆ ಔಷಧ ಅದರೊಳಗೆ ಸೇರಿ ಹಲ್ಲಿಗೆ ಹಳದಿ, ಕಂದು ಬಣ್ಣ ಕೂರಿಸುತ್ತದೆ. ಲವಂಗದ ಎಣ್ಣೆಯನ್ನು ಹತ್ತಿಯಲ್ಲಿ ಅದ್ದಿ ವಸಡಿಗೆ ಒತ್ತಿಡುವವರು ಚರ್ಮ ಸುಟ್ಟುಕೊಂಡು ಬರುತ್ತಾರೆ.

ವಾಂತಿಯ ಬಗ್ಗೆ ಒಂದು ಮಾತು. ಹೊಟ್ಟೆಯ ಹುಳಿ ಬಾಯಿಗೆ ಬಂದಾಗ ಹಲ್ಲಿನ ಮೇಲ್ಪದರ ಮೆತ್ತಗಾಗುತ್ತದೆ. ಹುಳಿಯ ಅಳತೆಯಾದ ಪಿಎಚ್ (ಇದು ಇಳಿದಷ್ಟೂ ಹುಳಿ ಹೆಚ್ಚು) ಬಾಯಲ್ಲಿ 5.5ಕ್ಕಿಂತ ಕೆಳಗಿಳಿದರೆ ಆ ಪದರ ಕರಗತೊಡಗುತ್ತದೆ. ಹೊಟ್ಟೆಯ ಆಮ್ಲ ಅದಕ್ಕಿಂತ ಎಷ್ಟೋ ತೀಕ್ಷ್ಣ. ಬಾಯಿ ಕೆಟ್ಟಿದೆ ಎಂದು ಕೂಡಲೇ ಬ್ರಷ್ ಹಿಡಿದರೆ ಮೆತ್ತಗಾದ ಪದರವನ್ನೇ ಉಜ್ಜಿ ತೆಗೆದಂತೆ. ಒಂದು ಲೋಟ ನೀರಿಗೆ ಒಂದು ಚಹಾ ಚಮಚ ಅಡುಗೆ ಸೋಡಾ ಕರಗಿಸಿ ಮುಕ್ಕಳಿಸಿ ಉಗುಳಬೇಕು, ನುಂಗಬಾರದು. ಸೋಡಾ ಇಲ್ಲದಿದ್ದರೆ ಬರೀ ನೀರು. ಅರ್ಧ ತಾಸಿನ ನಂತರ ಬ್ರಷ್. ಪೇಸ್ಟಿನ ವಾಸನೆಗೇ ಓಕರಿಕೆ ಬರುವವರು ಮಕ್ಕಳ ಸಣ್ಣ ತಲೆಯ ಬ್ರಷ್ ಬಳಸಲಿ, ಬೆಳಗಿನ ಬದಲು ಹೊಟ್ಟೆ ತಣ್ಣಗಿರುವ ಹೊತ್ತಿನಲ್ಲಿ ತಿಕ್ಕಲಿ. ಹುಣಸೆಕಾಯಿ, ಮಾವಿನಕಾಯಿಯ ಬಯಕೆಗೂ ಇದೇ ಲೆಕ್ಕ: ತಿಂದ ಮೇಲೆ ನೀರು ಮುಕ್ಕಳಿಸಿ, ಬ್ರಷ್ ಆಮೇಲೆ.

“ಕೂಸು ತಾಯಿ ಹಲ್ಲಿನ ಕ್ಯಾಲ್ಸಿಯಂ ಎಳಕೊಂತೈತಿ” ಎಂಬುದು ನಮ್ಮ ಕಡೆ ಗಟ್ಟಿ ನಂಬಿಕೆ. ಮೂಡಿ ಮುಗಿದ ಹಲ್ಲಿನಿಂದ ಕ್ಯಾಲ್ಸಿಯಂ ರಕ್ತಕ್ಕೆ ಮರಳುವುದಿಲ್ಲ. ಊಟದಲ್ಲಿ ಸಾಲದಾದರೆ ಕೂಸು ಎಳೆದುಕೊಳ್ಳುವುದು ತಾಯಿಯ ಎಲುಬಿನಿಂದ. ಆದ್ದರಿಂದ ಸರ್ಕಾರಿ ದವಾಖಾನೆಯಲ್ಲಿ ಕೊಡುವ ಕ್ಯಾಲ್ಸಿಯಂ ಗುಳಿಗೆಯನ್ನು ಬಿಡಬೇಡಿ. ಕಬ್ಬಿಣದ ಗುಳಿಗೆಯನ್ನೂ ಅದನ್ನೂ ಒಟ್ಟಿಗೆ ನುಂಗಬೇಡಿ, ಒಂದರ ಜೊತೆ ಇನ್ನೊಂದು ಮೈಗೆ ಹತ್ತುವುದಿಲ್ಲ. ಬಸಿರಿನಲ್ಲಿ ಹಲ್ಲು ಹುಳುಕಾಗುವುದಕ್ಕೆ ಕಾರಣ ಪದೇಪದೇ ತಿನ್ನುವುದು, ವಾಂತಿಯ ಹುಳಿ, ಸುಸ್ತಿನಲ್ಲಿ ತಿಕ್ಕದೆ ಮಲಗುವುದು.

ತಂಬಾಕಿನ ಮಾತನ್ನು ಅತ್ತೆಯ ಎದುರು ಕೇಳಿದರೆ ಸೊಸೆ ಇಲ್ಲ ಎನ್ನುತ್ತಾಳೆ. ಹೊರಗೆ ಕಳಿಸಿ ಕೇಳಬೇಕು. ಬೆಳಗಾವಿಯ ಗಡಿ ಕಡೆಯಿಂದ ಮದುವೆಯಾಗಿ ಬಂದವರಲ್ಲಿ ಮಿಶ್ರಿ ತಿಕ್ಕುವ ರೂಢಿ ಉಂಟು. ಹುರಿದ ತಂಬಾಕಿನ ಆ ಕರಿ ಪುಡಿಯನ್ನು ಹಲ್ಲುಪುಡಿ ಎಂದೇ ತಿಳಿದಿರುತ್ತಾರೆ. ವಸಡಿನಿಂದ ನಿಕೋಟಿನ್ ನೇರ ರಕ್ತಕ್ಕೆ ಸೇರಿ ಕೂಸಿಗೆ ಹೋಗುವ ರಕ್ತವನ್ನು ಕುಗ್ಗಿಸುತ್ತದೆ, ಕೂಸಿನ ತೂಕ ಕಡಿಮೆಯಾಗುತ್ತದೆ. ವಸಡಿನ ರೋಗಕ್ಕಿಂತ ಇದರ ಸಾಕ್ಷಿ ಗಟ್ಟಿ. ಬಸಿರಿನಲ್ಲಿ ಯಾವ ತಿಂಗಳಲ್ಲಿ ಬಿಟ್ಟರೂ ಲಾಭವಿದೆ.

ನಮ್ಮ ಜಿಲ್ಲೆಯ ಕೆಲವು ಊರುಗಳಲ್ಲಿ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು, ಲೀಟರಿಗೆ 1.5 ಮಿಲಿಗ್ರಾಂ ಮೀರಿದ್ದೂ ಇದೆ. ಅಲ್ಲಿ ಬೆಳೆದವರ ಹಲ್ಲಿನ ಮೇಲೆ ಸುಣ್ಣದ ಬಿಳುಪು, ಕಂದು ಪಟ್ಟೆ. ಕಲೆ ಹೋಗಲಿ ಎಂದು ಇದ್ದಿಲು, ಇಟ್ಟಿಗೆ ಪುಡಿಯಿಂದ ತಿಕ್ಕಿ ವಸಡು ಸವೆಸಿಕೊಂಡಿರುತ್ತಾರೆ. ಆ ಕಲೆ ಹಲ್ಲು ರೂಪುಗೊಳ್ಳುವ ಎಳೆವಯಸ್ಸಿನಲ್ಲಿ ಒಳಗೇ ಕೂತದ್ದು, ತಿಕ್ಕಿದರೆ ಹೋಗದು. ದೊಡ್ಡವರು ಫ್ಲೋರೈಡ್ ಪೇಸ್ಟ್ ಬಳಸಿ ಉಗುಳುವುದರಿಂದ ಹೊಸ ಕಲೆಯೂ ಬಾರದು, ಹುಳುಕೂ ತಪ್ಪುತ್ತದೆ.

ಕುಬಸದ ದಿನಗಳಲ್ಲಿ ತವರಿನಿಂದ, ಬೀಗರಿಂದ ಬರುವ ಸಿಹಿಯನ್ನು ಬೇಡ ಎನ್ನುವುದು ನಮ್ಮ ಕೆಲಸವಲ್ಲ. ಅಮೀನಗಡದ ಕರದಂಟು, ಮಾದಲಿ, ಹೋಳಿಗೆ ಏನೇ ಇರಲಿ ಊಟದ ಜೊತೆಗೇ ತಿಂದು ಮುಗಿಸಿ. ದಿನವಿಡೀ ಚೂರುಚೂರು ಬಾಯಿಗೆ ಹಾಕುತ್ತಿದ್ದರೆ ಪ್ರತಿ ಸಲವೂ ಅರ್ಧ ತಾಸು ಹಲ್ಲು ಹುಳಿಯಲ್ಲಿ ನೆನೆಯುತ್ತದೆ. ನಡುನಡುವೆ ಹಸಿವಾದರೆ ಹುರಿದ ಶೇಂಗಾ, ಮೊಸರು, ಸೌತೆಕಾಯಿ ತಿನ್ನಲಿ. ಬಾಣಂತನದ ಅಂಟಿನ ಉಂಡಿಯೂ ಹಾಗೆಯೇ. ಬೆಲ್ಲ, ಉತ್ತತ್ತಿ, ಅಂಟು ಹಲ್ಲಿನ ಸಂದಿಗೆ ಮೆತ್ತಿಕೊಂಡು ಕೂರುತ್ತವೆ. ಹಲ್ಲು ಸಡಿಲಾಗುತ್ತದೆ ಎಂದು ಬಾಣಂತಿಯ ಕೈಗೆ ಬ್ರಷ್ ಕೊಡದ ಮನೆಗಳಿವೆ. ಮೆತ್ತನೆಯ ಎಳೆಯ ಬ್ರಷ್ ಮೊದಲ ದಿನದಿಂದಲೇ ಕೊಡಬಹುದು, ಬಿಸಿನೀರು ಬೇಕಾದರೆ ಕೊಡಿ.

ಪ್ರತಿ ತಿಂಗಳ 9ನೇ ತಾರೀಕು ಪ್ರಧಾನ ಮಂತ್ರಿ ಸುರಕ್ಷಿತ ಮಾತೃತ್ವ ಅಭಿಯಾನದ ತಪಾಸಣೆಗೆ ಸರ್ಕಾರಿ ದವಾಖಾನೆಗೆ ಬಸುರಿಯರು ಬರುತ್ತಾರೆ. ತಾಲ್ಲೂಕು ಆಸ್ಪತ್ರೆಯಾದರೆ ಅದೇ ಕಟ್ಟಡದಲ್ಲಿ ದಂತ ವಿಭಾಗವೂ ಇರುತ್ತದೆ. ನಾಲ್ಕನೇ ತಿಂಗಳ ತಪಾಸಣೆಯ ದಿನ ಚೀಟಿ ಮಾಡಿಸಿಕೊಂಡು ಬಾಯಿ ತೋರಿಸಿ ಹೋದರೆ ಇನ್ನೊಂದು ಬಸ್ ಖರ್ಚೂ ಉಳಿಯುತ್ತದೆ. ಆಶಾ ಕಾರ್ಯಕರ್ತೆಯರು ಇದನ್ನೊಂದು ನೆನಪಿಸಿದರೆ ದೊಡ್ಡ ಉಪಕಾರ.

ಹೆರಿಗೆಯಾಗಿ ಒಂದೂವರೆ, ಎರಡು ತಿಂಗಳಿಗೆ ವಸಡನ್ನು ಮತ್ತೆ ಅಳೆಯಿಸಿ. ಬರೀ ಊತವಾಗಿದ್ದರೆ ಅಷ್ಟೊತ್ತಿಗೆ 5 ಮಿಲಿಮೀಟರ್ ಇದ್ದದ್ದು 3ಕ್ಕೆ ಇಳಿದಿರುತ್ತದೆ. ಇಳಿಯದೆ ನಿಂತ ಜಾಗಕ್ಕೆ ಬೇರಿನವರೆಗಿನ ಶುದ್ಧಿ ಬೇಕು. ಮೊಲೆ ಉಣಿಸುವವರಿಗೆ ಲಿಗ್ನೊಕೇನ್, ಪ್ಯಾರಾಸಿಟಮಾಲ್, ಅಮಾಕ್ಸಿಸಿಲಿನ್ ಕೊಡಬಹುದು. ಬಸಿರಿನಲ್ಲಿ ಬೇಡವೆಂದ ಐಬುಪ್ರೊಫೆನ್ ಕೂಡ ಈಗ ನಡೆಯುತ್ತದೆ. ಮುಂದೂಡಿದ ಹುಳುಕುಗಳನ್ನು ಈ ಹೊತ್ತಿನಲ್ಲೇ ತುಂಬಿಸಿಕೊಳ್ಳಬೇಕು. ಹುಳುಕು ತರುವ ಬ್ಯಾಕ್ಟೀರಿಯಾ ಕೂಸಿಗೆ ಹೆಚ್ಚಾಗಿ ಬರುವುದು ತಾಯಿಯ ಉಗುಳಿನಿಂದ, ಅದೇ ಚಮಚದಲ್ಲಿ ರುಚಿ ನೋಡಿ ಉಣಿಸುವಾಗ, ಅಗಿದು ಕೊಡುವಾಗ. ಅದು ಗಟ್ಟಿಯಾಗಿ ನೆಲೆಯೂರುವುದು ಹೆಚ್ಚಾಗಿ ಕೂಸಿಗೆ ಹಲ್ಲು ಮೂಡಿದ ಮೇಲೆ, ಮೊದಲ ಹಲ್ಲು ಮೂಡುವುದು ಸುಮಾರು ಆರನೇ ತಿಂಗಳಿಗೆ. ತಾಯಿಯ ಬಾಯಿಯ ಕೆಲಸಗಳನ್ನು ಮುಗಿಸಲು ಅಲ್ಲಿಯವರೆಗೆ ಸಮಯವಿದೆ. ಬರುವಾಗ ತಾಯಿ ಕಾರ್ಡ್, ಹಳೆಯ ಎಕ್ಸ್‌ರೇ ತನ್ನಿ, ಕೂಸನ್ನು ಎತ್ತಿಕೊಳ್ಳಲು ಒಬ್ಬರು ಜೊತೆಗಿರಲಿ, ಮನೆಯಿಂದ ಹೊರಡುವ ಮೊದಲು ಹಾಲುಣಿಸಿ.